ಬೆಳಿಗ್ಗೆ ಮಾತ್ರ ಹೊಗೆ ಬಿಡುವ ಕ್ವಾಲಿಸ್: ಇಂಜಿನ್ ಬಿಚ್ಚುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನನ್ನ ಹತ್ತಿರ 2003ರ ಡೀಸೆಲ್ ಕ್ವಾಲಿಸ್ ಇದೆ. ಊರು ಪಾಂಡವಪುರದ ಹತ್ತಿರ. ಗಾಡಿ 3 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ. ಎರಡು ವರ್ಷದಿಂದ ಚಳಿಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತಿತ್ತು. ಈ ಸಲ ತುಂಬಾ ಜಾಸ್ತಿಯಾಗಿದೆ. ಗಾಡಿ ಗಡಗಡ ನಡುಗುತ್ತದೆ. ಎರಡು ನಿಮಿಷ ಆದ ಮೇಲೆ ಹೊಗೆ ನಿಂತು ಸರಿಯಾಗುತ್ತದೆ, ಆಮೇಲೆ ಇಡೀ ದಿನ ತೊಂದರೆ ಇಲ್ಲ. ಹೀಟರ್ ದೀಪ ಸರಿಯಾಗಿಯೇ ಹತ್ತಿ ಆರುತ್ತದೆ. ರೇಡಿಯೇಟರ್ ನೀರು, ಇಂಜಿನ್ ಆಯಿಲ್ ಎರಡೂ ಕಡಿಮೆಯಾಗುತ್ತಿಲ್ಲ. ಎಮಿಷನ್ ಟೆಸ್ಟ್ ಪಾಸಾಗಿದೆ. ಆಯುಧ ಪೂಜೆಗೆ ಮುಂಚೆ ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿದೆ. ಮನೆ ಮುಂದೆ ಏರು ಇರುವುದರಿಂದ ಗಾಡಿ ಮೂತಿ ಮೇಲಕ್ಕೆ ಮಾಡಿ ನಿಲ್ಲಿಸುತ್ತೇನೆ. ಹಾಗೆ ನಿಲ್ಲಿಸಿದ ಮಾರನೇ ದಿನ ಸೆಲ್ಫ್ ಜಾಸ್ತಿ ಹೊತ್ತು ಹೊಡೆಯಬೇಕು. ಪಕ್ಕದ ಮನೆ ಅಜ್ಜಿ ದಿನಾ ಬೈಯುತ್ತಾರೆ, "ಹಸಿ ಸೌದೆ ಒಲೆ ಮುಂದೆ ಕೂತಂಗಾಯ್ತದೆ ಕಣ್ಲಾ, ಕಣ್ಣೆಲ್ಲಾ ಉರಿ" ಅಂತ. ಮೆಕ್ಯಾನಿಕ್ ನೋಡಿ, ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು, 70 ಸಾವಿರ ಇಟ್ಟುಕೊಳ್ಳಿ ಅಂದರು. ಬಿಚ್ಚಿಸಲೋ, ಗಾಡಿಯನ್ನೇ ಕೊಟ್ಟುಬಿಡಲೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ಅದರಲ್ಲೂ ಮುಖ್ಯವಾದ ಸಾಕ್ಷಿ ಹೇಳಿರುವುದು ನೀವಲ್ಲ, ಮೆಕ್ಯಾನಿಕ್ಕೂ ಅಲ್ಲ, ಪಕ್ಕದ ಮನೆ ಅಜ್ಜಿ.

ಹಸಿ ಸೌದೆ, ಕಣ್ಣುರಿ. ಇವೆರಡು ಮಾತು ಸಾಕು. ಬರೀ ನೀರಿನ ಆವಿ ಆಗಿದ್ದರೆ ಕಣ್ಣು ಉರಿಯುತ್ತಿರಲಿಲ್ಲ. ಇಂಜಿನ್ ಆಯಿಲ್ ಸುಟ್ಟ ಹೊಗೆಯಾಗಿದ್ದರೆ ನೀಲಿ ಬಣ್ಣ ಕಾಣುತ್ತಿತ್ತು, ಕಡಾಯಿಯಲ್ಲಿ ಎಣ್ಣೆ ಸೀದ ವಾಸನೆ ಬರುತ್ತಿತ್ತು. ಬಿಳಿಯಾಗಿದ್ದು, ಮೂಗಿಗೆ ಹೊಡೆದು, ಕಣ್ಣಲ್ಲಿ ನೀರು ತರಿಸುವ ಹೊಗೆ ಅಂದರೆ ಅದು ಉರಿಯದೆ ಹೊರಗೆ ಬಂದ ಡೀಸೆಲ್. ಹೊಗೆಗಿಂತ ಡೀಸೆಲ್ಲಿನ ಮಂಜು ಅನ್ನುವುದೇ ಸರಿ.

ನಿಮ್ಮ ಕಡೆ ಆಲೆಮನೆ ನೋಡದವರು ಯಾರಿದ್ದಾರೆ! ಬೆಳಿಗ್ಗೆ ತಣ್ಣಗಿರುವ ಒಲೆಗೆ ಅರೆ ಒಣಗಿದ ಕಬ್ಬಿನ ಸಿಪ್ಪೆ ಹಾಕಿ ಬೆಂಕಿ ಕೊಟ್ಟರೆ ಮೊದಲು ಏನು ಬರುತ್ತದೆ? ದಟ್ಟ ಬಿಳಿ ಹೊಗೆ. ಒಲೆಯ ಗೋಡೆ ಕಾದ ಮೇಲೆ ಅದೇ ಸಿಪ್ಪೆ ಹಾಕಿದರೂ ಧಗಧಗ ಉರಿಯುತ್ತದೆ, ಹೊಗೆ ತೆಳುವಾಗುತ್ತದೆ. ಸಿಪ್ಪೆ ಬದಲಾಗಿಲ್ಲ, ಒಲೆ ಬಿಸಿಯಾಯಿತು ಅಷ್ಟೆ. ನಿಮ್ಮ ಇಂಜಿನ್ನಿನಲ್ಲಿ ಮೊದಲ ಎರಡು ನಿಮಿಷ ನಡೆಯುತ್ತಿರುವುದೂ ಇದೇ.

ಡೀಸೆಲ್ ಇಂಜಿನ್ನಿನಲ್ಲಿ ಬೆಂಕಿ ಕಿಡಿ ಕೊಡಲು ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿ ಅದುಮಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಕ್ವಾಲಿಸ್‌ನ 2446 ಸಿಸಿ ಇಂಜಿನ್ ಹಳೇ ಕಾಲದ್ದು. ಅದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿನೊಳಗೆ ಒಂದು ಪುಟ್ಟ ಗೂಡು ಇರುತ್ತದೆ, ಅಲ್ಲಿ ಬಿದ್ದು, ಅಲ್ಲೇ ಹತ್ತಿಕೊಂಡು, ಆಮೇಲೆ ಸಿಲಿಂಡರಿಗೆ ನುಗ್ಗುತ್ತದೆ. ಈ ಥರದ ಇಂಜಿನ್ ಓಡುವಾಗ ಮೆದು, ಸದ್ದೂ ಕಡಿಮೆ. ಆದರೆ ತಣ್ಣಗಿರುವಾಗ ಆ ಗೂಡಿನ ಕಬ್ಬಿಣದ ಗೋಡೆಯೇ ಗಾಳಿಯ ಬಿಸಿಯನ್ನು ಕುಡಿದುಬಿಡುತ್ತದೆ. ಅದಕ್ಕೇ ಪ್ರತಿ ಗೂಡಿಗೂ ಒಂದೊಂದು ಹೀಟರ್ ಪ್ಲಗ್ ಕೊಟ್ಟಿರುತ್ತಾರೆ. ನಾಲ್ಕು ಸಿಲಿಂಡರ್, ನಾಲ್ಕು ಪ್ಲಗ್. ನೇರವಾಗಿ ಪಿಸ್ಟನ್ ಮೇಲೆ ಡೀಸೆಲ್ ಬೀಳುವ ಇಂಜಿನ್ನಿನ ಹಳೇ ಗಾಡಿಗಳೂ ಇವೆ, ಅವುಗಳಲ್ಲಿ ಹಲವಕ್ಕೆ ಹೀಟರ್ ಪ್ಲಗ್ಗೇ ಇರುವುದಿಲ್ಲ. ಅಂಥ ಗಾಡಿಗಳಲ್ಲೇ ಕೈ ಪಳಗಿದ ಮೆಕ್ಯಾನಿಕ್‌ಗಳು ಕ್ವಾಲಿಸ್ ಬಂದಾಗಲೂ ಹೀಟರ್ ಕಡೆ ನೋಡದೆ ಸೀದಾ ರಿಂಗಿಗೆ ಹೋಗಿಬಿಡುತ್ತಾರೆ. ತಪ್ಪು ಅಂತಲ್ಲ, ಅಭ್ಯಾಸ.

ಈಗ ನಿಮ್ಮ ಕಾಗದದ ಇನ್ನೊಂದು ಸಾಲು: "ಹೀಟರ್ ದೀಪ ಸರಿಯಾಗಿಯೇ ಹತ್ತಿ ಆರುತ್ತದೆ." ಈ ಸಾಲನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆ ಸುರುಳಿ ದೀಪಕ್ಕೂ ಪ್ಲಗ್ ಕಾದಿದೆಯಾ ಅನ್ನುವುದಕ್ಕೂ ಇಂಥ ಹಳೇ ಗಾಡಿಗಳಲ್ಲಿ ಸಂಬಂಧವೇ ಇಲ್ಲ. ಅದೊಂದು ಟೈಮರ್ ದೀಪ. ಇಂತಿಷ್ಟು ಸೆಕೆಂಡ್ ಆಯಿತು, ಇನ್ನು ಸೆಲ್ಫ್ ಹೊಡಿ ಅನ್ನುತ್ತದೆ. ನಾಲ್ಕೂ ಪ್ಲಗ್ ಸತ್ತು ಮಲಗಿದ್ದರೂ ಅದು ಹತ್ತುತ್ತದೆ, ಆರುತ್ತದೆ.

ನಾನೇ ಒಂದು ಸಲ ಇದರಲ್ಲಿ ಮೋಸ ಹೋದೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ನಮ್ಮ ಶೆಡ್ಡಿಗೆ ಒಂದು ಡೀಸೆಲ್ ವ್ಯಾನ್ ಬಂತು, ಥೇಟ್ ನಿಮ್ಮದೇ ಕಾಯಿಲೆ. ದೀಪ ಹತ್ತುತ್ತಿದೆ ಅಂತ ಹೀಟರ್ ಕಡೆ ನಾನು ತಿರುಗಿಯೂ ನೋಡಲಿಲ್ಲ. ಇಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ರಿಂಗ್ ಕೂರಿಸಿ ಕೊಟ್ಟೆ. ಎಂಟು ದಿನ ಆದ ಮೇಲೆ ಆ ಪುಣ್ಯಾತ್ಮರು ಬೆಳಿಗ್ಗೆ ಆರು ಗಂಟೆಗೆ ಗಾಡಿಯನ್ನು ನಮ್ಮ ಮನೆ ಬಾಗಿಲಿಗೇ ತಂದು ಸ್ಟಾರ್ಟ್ ಮಾಡಿ ತೋರಿಸಿದರು. ಅದೇ ಹೊಗೆ. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ನಾಲ್ಕು ಪ್ಲಗ್‌ಗಳಿಗೂ ಕರೆಂಟ್ ಹಂಚುವ ಪಟ್ಟಿಯ ಒಂದು ಸಣ್ಣ ನಟ್ ಸಡಿಲವಾಗಿ, ಕಿಲುಬು ಹಿಡಿದಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದೆ, ಹೊಗೆ ಹೋಯಿತು. ಮಜೂರಿ ವಾಪಸ್ ಕೊಟ್ಟೆ. ಅವತ್ತಿನಿಂದ ಬೆಳಗಿನ ಹೊಗೆಗೆ ಮೊದಲು ಹೀಟರ್, ಆಮೇಲೆ ಉಳಿದದ್ದು.

ನೀವೇ ಮನೆಯಲ್ಲಿ ನೋಡಬಹುದು. ಸಾಮಾನೂ ಬೇಡ. ನಸುಕಿನಲ್ಲಿ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಗಾಡಿಯೊಳಗಿನ ದೀಪ ಹಾಕಿಕೊಂಡು ಕೀ ಆನ್ ಮಾಡಿ. ಸೆಲ್ಫ್ ಹೊಡೆಯಬೇಡಿ. ಬಾನೆಟ್ ಕಡೆಯಿಂದ ರಿಲೇ "ಟಕ್" ಅನ್ನಬೇಕು, ಒಳಗಿನ ದೀಪ ಎದ್ದು ಕಾಣುವಷ್ಟು ಮಂಕಾಗಬೇಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ "ಟಕ್" ಅಂದು ದೀಪ ಬೆಳಗಬೇಕು. ಒಂದೊಂದು ಪ್ಲಗ್ಗೂ ಹತ್ತು ಆಂಪಿಯರ್ ಆಸುಪಾಸು ಎಳೆಯುತ್ತದೆ. ನಾಲ್ಕೂ ಸೇರಿದರೆ ಹೆಡ್‌ಲೈಟಿಗಿಂತ ಎಷ್ಟೋ ಜಾಸ್ತಿ. ಅಷ್ಟು ಎಳೆದಾಗ ದೀಪ ಮಂಕಾಗಲೇಬೇಕು. ಮಂಕಾಗಲೇ ಇಲ್ಲ ಅಂದರೆ ಪ್ಲಗ್‌ಗಳಿಗೆ ಕರೆಂಟೇ ಹೋಗುತ್ತಿಲ್ಲ, ಇಲ್ಲ ಪ್ಲಗ್‌ಗಳೆಲ್ಲ ಸುಟ್ಟಿವೆ. ಸ್ವಲ್ಪವೇ ಮಂಕಾದರೆ ಒಂದೋ ಎರಡೋ ಬದುಕಿವೆ.

ಯಾವುದು ಸತ್ತಿದೆ ಅಂತ ತಿಳಿಯಲು ಒಂದು ಇಂಡಿಕೇಟರ್ ಬಲ್ಬ್, ಎರಡು ತುಂಡು ವೈರ್ ಸಾಕು. ಕೀ ಆಫ್ ಇರಲಿ. ಪ್ಲಗ್‌ಗಳ ತಲೆ ಮೇಲಿನ ಪಟ್ಟಿಯನ್ನು ಬಿಚ್ಚಿ ತೆಗೆಯಿರಿ. ಬಲ್ಬಿನ ಒಂದು ವೈರ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತುದಿಗೆ ಮುಟ್ಟಿಸಿ. ಬಲ್ಬ್ ಹತ್ತಿದರೆ ಒಳಗಿನ ತಂತಿ ಇದೆ, ಹತ್ತದಿದ್ದರೆ ಆ ಪ್ಲಗ್ ಸತ್ತಿದೆ. ಬ್ಯಾಟರಿಯಿಂದ ನೇರವಾಗಿ ಪ್ಲಗ್ಗಿಗೆ ವೈರ್ ಕೊಟ್ಟು ಕಿಡಿ ನೋಡುವವರಿದ್ದಾರೆ. ಅದು ಬೇಡ. ಕೆಲವು ಗಾಡಿಗಳ ಪ್ಲಗ್ 12 ವೋಲ್ಟಿನದ್ದಾಗಿರುವುದಿಲ್ಲ, ನೇರ ಕೊಟ್ಟರೆ ಚೆನ್ನಾಗಿದ್ದದ್ದೂ ಸುಟ್ಟುಹೋಗುತ್ತದೆ. ನಡುವೆ ಬಲ್ಬ್ ಇದ್ದರೆ ಕರೆಂಟ್ ಎರಡು ಆಂಪಿಯರ್ ದಾಟುವುದಿಲ್ಲ, ಯಾವ ಪ್ಲಗ್ಗಿಗೂ ಅಪಾಯವಿಲ್ಲ.

ನನ್ನ ಊಹೆ ಕೇಳಿದರೆ, ಎರಡು ಸತ್ತಿವೆ. ಯಾಕೆ ಅಂದರೆ ನೀವು ಹೇಳಿದ ಗಡಗಡ. ಎಲ್ಲ ಸಿಲಿಂಡರ್ ಸಮವಾಗಿ ತಣ್ಣಗಿದ್ದರೆ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ, ಆದ ಮೇಲೆ ಅಷ್ಟೊಂದು ಕುಣಿಯುವುದಿಲ್ಲ. ಎರಡು ಹತ್ತಿಕೊಂಡು ಎರಡು ಹತ್ತಿಕೊಳ್ಳದೆ ಮಿಸ್ ಹೊಡೆದರೆ ಗೇರ್ ಲಿವರ್ ಕಥಕ್ಕಳಿ ಮಾಡುತ್ತದೆ. ಎರಡು ವರ್ಷದಿಂದ ನಿಧಾನವಾಗಿ ಜಾಸ್ತಿಯಾಗಿದೆ ಅಂದಿರಲ್ಲ, ಅದಕ್ಕೂ ಇದು ಹೊಂದುತ್ತದೆ. ಒಂದು ಹೋದಾಗ ಸಣ್ಣ ಹೊಗೆ, ಎರಡನೆಯದು ಹೋದಾಗ ಅಜ್ಜಿ ಬೈಗುಳ. ಏಪ್ರಿಲ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮ ಮಂಡ್ಯ-ಮೈಸೂರಿನ ಚಳಿ ದೊಡ್ಡ ಚಳಿಯೇನಲ್ಲ, ಡಿಸೆಂಬರ್ ಜನವರಿಯ ಬೆಳಗಿನ ಜಾವ 15-16 ಡಿಗ್ರಿ. ಡೀಸೆಲ್ ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೆ ವಯಸ್ಸಾದ ಇಂಜಿನ್ನಿಗೆ, ಪ್ಲಗ್ ಇಲ್ಲದ ಸಿಲಿಂಡರಿಗೆ ಅಷ್ಟು ಸಾಕು.

ಹೊಸ ಪ್ಲಗ್ ಹಾಕುವಾಗ ನಾಲ್ಕನ್ನೂ ಒಟ್ಟಿಗೇ ಹಾಕಿ. ಹಳೆಯದನ್ನು ಬಿಚ್ಚುವಾಗ ಮಾತ್ರ ಹುಷಾರು. ಇಪ್ಪತ್ತು ವರ್ಷದ ಮಸಿ ಹಿಡಿದು ಅಂಟಿಕೊಂಡಿರುತ್ತದೆ. ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮಾರನೇ ದಿನ ಇಂಜಿನ್ ಬಿಸಿಯಾದ ಮೇಲೆ, ಉದ್ದ ಹ್ಯಾಂಡಲ್ ಹಾಕದೆ, ಸ್ವಲ್ಪ ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಹೀಗೆ ಆಟ ಆಡಿಸುತ್ತಾ ತೆಗೆಯಬೇಕು. ಒಳಗೆ ಮುರಿದರೆ ಹೆಡ್ ಇಳಿಸುವ ಕೆಲಸವೇ ಆಗಿಬಿಡುತ್ತದೆ. ಬಲ್ಬ್ ಹತ್ತಿಸಿದ ಪ್ಲಗ್ಗಿನ ತುದಿಯನ್ನೂ ನೋಡಿ. ಕೆಲವೊಮ್ಮೆ ತಂತಿ ಇರುತ್ತದೆ, ತುದಿ ಕರಗಿ ಮೊಂಡಾಗಿರುತ್ತದೆ. ಹಾಗಿದ್ದರೆ ಆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಸರಿಯಾಗಿ ಚಿಮ್ಮದೆ ಧಾರೆ ಸುರಿಸುತ್ತಿರಬಹುದು.

ಇನ್ನು ರಿಂಗ್ ವಿಷಯ, ಅಂದರೆ ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದು ಮುಚ್ಚುವ ಬಳೆಗಳು. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳು ಅನ್ನಲಾರೆ. 3 ಲಕ್ಷ 40 ಸಾವಿರ ಓಡಿದ ಇಂಜಿನ್ನಿನ ಕಂಪ್ರೆಷನ್, ಅಂದರೆ ಗಾಳಿ ಅದುಮುವ ಒತ್ತಡ, ಸ್ವಲ್ಪ ಇಳಿದೇ ಇರುತ್ತದೆ. ಇಳಿದರೆ ಗಾಳಿ ಅಷ್ಟು ಬಿಸಿಯಾಗುವುದಿಲ್ಲ, ಬೆಳಿಗ್ಗೆ ಬಿಳಿ ಹೊಗೆ ಅದರಿಂದಲೂ ಬರುತ್ತದೆ. ಆದರೆ ಇಂಜಿನ್ ಬಿಚ್ಚಲೇಬೇಕಾದಷ್ಟು ರಿಂಗ್ ಸವೆದಿದ್ದರೆ ಸುಮ್ನೆ ಬೆಳಿಗ್ಗೆ ಎರಡು ನಿಮಿಷ ಕಾಟ ಕೊಟ್ಟು ಬಿಡುವುದಿಲ್ಲ. ಆಯಿಲ್ ಕುಡಿಯುತ್ತದೆ. ಮೇಲುಕೋಟೆ ಬೆಟ್ಟ ಹತ್ತುವಾಗ ಹಿಂದೆ ನೀಲಿ ಹೊಗೆ ಕಾಣುತ್ತದೆ. ಬಿಸಿ ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಹಾಗೇ ಬಾಯಿ ಮೇಲೆ ಇಟ್ಟು ನೋಡಿ. ರಿಂಗ್ ಹೋಗಿದ್ದರೆ ಕೆಳಗಿನ ಗಾಳಿಗೆ ಅದು ತಟಪಟ ಕುಣಿಯುತ್ತದೆ, ಕೆಲವೊಮ್ಮೆ ಹಾರಿ ಬೀಳುತ್ತದೆ. ಸುಮ್ಮನೆ ಅದುರುತ್ತಾ ಕೂತಿದ್ದರೆ ರಿಂಗಿನ ಯೋಚನೆ ಸದ್ಯಕ್ಕೆ ಬಿಡಿ.

ಅನುಮಾನ ಉಳಿಯಬಾರದು ಅಂದರೆ ಕಂಪ್ರೆಷನ್ ಅಳೆಸಿ. ಅದಕ್ಕೆ ಇಂಜಿನ್ ಬಿಚ್ಚಬೇಕಾಗಿಲ್ಲ. ಮೀಟರ್ ಕೂರಿಸುವುದು ಹೀಟರ್ ಪ್ಲಗ್ಗಿನ ತೂತಿಗೇ. ಪ್ಲಗ್ ಬದಲಾಯಿಸುವ ದಿನವೇ ಮಾಡಿಸಿಬಿಟ್ಟರೆ ಎರಡು ಕೆಲಸ ಒಂದೇ ಮಜೂರಿಯಲ್ಲಿ ಮುಗಿಯುತ್ತದೆ. ಡೀಸೆಲ್ ಇಂಜಿನ್ನಿನ ಮೀಟರ್ ಬೇರೆ, ಪೆಟ್ರೋಲ್ ಗಾಡಿಯದನ್ನು ಹಾಕಿದರೆ ಮುಳ್ಳು ಕೊನೆಗೆ ಹೋಗಿ ಕೂರುತ್ತದೆ. ಪಂಪಿನ ಮೇಲೆ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಇರುತ್ತದೆ, ಅದರ ವೈರ್ ಬಿಚ್ಚಿ, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯಬೇಕು. ನಿಮ್ಮ ಥರದ ಇಂಜಿನ್ ಹೊಸದಾಗಿದ್ದಾಗ ಚದರ ಸೆಂಟಿಮೀಟರಿಗೆ 30 ಕೆಜಿ ಆಸುಪಾಸು ತೋರಿಸುತ್ತದೆ. 25-26 ಬಂದರೂ ವಯಸ್ಸಿಗೆ ಒಳ್ಳೆಯದೇ. 20ಕ್ಕಿಂತ ಕೆಳಗೆ ಹೋದರೆ, ಇಲ್ಲ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ 5ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಾತ್ರ ಬಿಚ್ಚುವ ಮಾತು. ಆಗಲೂ ಮೊದಲು ವಾಲ್ವ್ ಸಂದು ನೋಡಿಸಿ. ಸಂದು ತೀರಾ ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದೇ ಇದ್ದರೂ ಇದೇ ಲೆಕ್ಕ ಬರುತ್ತದೆ. ಈ ನಾಲ್ಕು ಅಂಕಿಗಳನ್ನು ಬರೆಸಿಕೊಳ್ಳಿ. "ಕಂಪ್ರೆಷನ್ ವೀಕ್ ಇದೆ ಸಾರ್" ಅನ್ನುವ ಬಾಯಿಮಾತಿಗೆ 70 ಸಾವಿರ ಕೊಡಬಾರದು.

ಎಮಿಷನ್ ಪಾಸಾಗಿದೆ ಅಂದಿರಿ. ಅದು ಈ ಕಾಯಿಲೆಗೆ ಸಾಕ್ಷಿಯಾಗುವುದಿಲ್ಲ. ಆ ಪರೀಕ್ಷೆ ಮಾಡಬೇಕಾದದ್ದೇ ಇಂಜಿನ್ ಬಿಸಿಯಾದ ಮೇಲೆ, ಆಯಿಲ್ ಕನಿಷ್ಠ 60 ಡಿಗ್ರಿ ಇರುವಾಗ. ಆಕ್ಸಿಲರೇಟರ್ ಒತ್ತಿ ಬಿಟ್ಟು ಹೊಗೆ ಎಷ್ಟು ದಟ್ಟ ಅಂತ ಅಳೆಯುತ್ತಾರೆ. ನಿಮ್ಮ ಕಾಲದ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್. ನಿಮ್ಮ ಇಂಜಿನ್ ಬಿಸಿಯಾದ ಮೇಲೆ ಸಂಪನ್ನನೇ, ಪಾಸಾಗದೆ ಇನ್ನೇನು! ಆದರೂ ಇದರಿಂದ ಒಂದು ಸಮಾಧಾನ ಇದೆ. ನಾಝಲ್, ಪಂಪು ತೀರಾ ಕೆಟ್ಟಿದ್ದರೆ ಅಲ್ಲೂ ಕಪ್ಪು ಹೊಗೆ ಕಾಣುತ್ತಿತ್ತು.

ರೇಡಿಯೇಟರ್ ನೀರು ಕಡಿಮೆಯಾಗುತ್ತಿಲ್ಲ ಅಂದಮೇಲೆ ಹೆಡ್ ಗ್ಯಾಸ್ಕೆಟ್ಟಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನೀರು ಹೋಗಿ ಬರುವ ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲುವುದಿಲ್ಲ, ಕಣ್ಣು ಉರಿಸುವುದಿಲ್ಲ. ಕೂಲಂಟ್ ಇದ್ದರೆ ಸಿಹಿ ಸಿಹಿ ವಾಸನೆ. ಸೈಲೆನ್ಸರಿನಿಂದ ಬೆಳಿಗ್ಗೆ ನಾಲ್ಕು ಹನಿ ನೀರು ತೊಟ್ಟಿಕ್ಕಿದರೆ ಹೆದರಬೇಡಿ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ತಣ್ಣಗಿನ ಪೈಪಿನಲ್ಲಿ ಅದು ಹನಿಗಟ್ಟುತ್ತದೆ ಅಷ್ಟೆ.

ಈಗ ನನಗೆ ಕುತೂಹಲ ಹುಟ್ಟಿಸಿದ ಸಾಲಿಗೆ ಬರುತ್ತೇನೆ: ಮೂತಿ ಮೇಲಕ್ಕೆ ನಿಲ್ಲಿಸಿದ ಮಾರನೇ ದಿನ ಸೆಲ್ಫ್ ಜಾಸ್ತಿ ಹೊಡೆಯಬೇಕು. ಇದು ಹೀಟರ್ ಪ್ಲಗ್ಗಿನ ಲಕ್ಷಣ ಅಲ್ಲ. ಪ್ಲಗ್ಗಿಗೆ ಗಾಡಿ ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಿಲ್ಲ. ಇದು ಬೇರೆಯೇ ಕಾಯಿಲೆ. ನಿಮ್ಮ ಗಾಡಿಗೆ ಎರಡು ಒಟ್ಟಿಗೇ ಹಿಡಿದಿವೆ.

ಡೀಸೆಲ್ ಟ್ಯಾಂಕ್ ಹಿಂದೆ, ಪಂಪ್ ಮುಂದೆ. ಮೂತಿ ಮೇಲಿದ್ದರೆ ಟ್ಯಾಂಕ್ ಇನ್ನೂ ಕೆಳಗೆ. ಲೈನಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಸಂದಿ ಇದ್ದರೆ ರಾತ್ರಿಯಿಡೀ ಅಲ್ಲಿಂದ ಗಾಳಿ ಒಳಗೆ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಪಂಪು ಮೊದಲು ಗಾಳಿ ಎಳೆದು ಮುಗಿಸಬೇಕು. ಅಷ್ಟು ಹೊತ್ತು ಸೆಲ್ಫ್. ಅಷ್ಟರಲ್ಲಿ ಪ್ಲಗ್ ಕೊಟ್ಟಿದ್ದ ಬಿಸಿ ಆರಿಹೋಗಿರುತ್ತದೆ, ಬ್ಯಾಟರಿ ಸುಸ್ತಾಗಿರುತ್ತದೆ. ಆಮೇಲೆ ಡೀಸೆಲ್ ಬಂದರೂ ತಣ್ಣಗಿನ ಒಲೆಗೆ ಬಂದ ಹಾಗೆ, ಒಂದು ರಾಶಿ ಹೊಗೆ. ಅಂದರೆ ಈ ಎರಡನೇ ಕಾಯಿಲೆ ಮೊದಲನೆಯದಕ್ಕೆ ಉಪ್ಪು ಖಾರ ಹಚ್ಚುತ್ತಿದೆ.

ಇದರಲ್ಲಿ ಮೋಸ ಏನೆಂದರೆ ಹೊರಗೆ ಒಂದು ತೊಟ್ಟು ಡೀಸೆಲ್ಲೂ ಕಾಣುವುದಿಲ್ಲ. ಅದು ಎಳೆಯುವ ಕಡೆಯ ಪೈಪು. ಗಾಳಿ ಒಳಗೆ ಹೋಗುತ್ತದೆ ಹೊರತು ಡೀಸೆಲ್ ಹೊರಗೆ ಬರುವುದಿಲ್ಲ. ಪರೀಕ್ಷೆ ಸುಲಭ. ಏರಿನಲ್ಲಿ ನಿಲ್ಲಿಸಿದ ಮಾರನೇ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಡೀಸೆಲ್ ಫಿಲ್ಟರ್ ತಲೆ ಮೇಲಿನ ಹ್ಯಾಂಡ್ ಪಂಪ್ ಒತ್ತಿ. ಮೊದಲ ಒತ್ತಿಗೋ ಎರಡನೆಯದಕ್ಕೋ ಗಟ್ಟಿಯಾದರೆ ಲೈನ್ ತುಂಬಿದೆ. ಹತ್ತು ಹದಿನೈದು ಸಲ ಮೆತ್ತಗೆ ಹೋಗಿ ಆಮೇಲೆ ಗಟ್ಟಿಯಾದರೆ ಗಾಳಿ ಇತ್ತು. ಗಟ್ಟಿಯಾದ ಮೇಲೆ ಸೆಲ್ಫ್ ಹೊಡೆದು ನೋಡಿ, ಟಕ್ಕನೆ ಹಿಡಿದರೆ ಅನುಮಾನ ಬೇಡ. ಎಲ್ಲಿಂದ ಸೇರುತ್ತಿದೆ ಅಂತ ಹುಡುಕಲು ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ. ಗುಳ್ಳೆ ಹೋಗುವುದು ಕಣ್ಣಿಗೇ ಕಾಣುತ್ತದೆ. ನಾನು ನೋಡಿದ ಮಟ್ಟಿಗೆ ಕಳ್ಳ ಹೆಚ್ಚಾಗಿ ಇರುವುದು ಆ ಹ್ಯಾಂಡ್ ಪಂಪಿನ ರಬ್ಬರಿನಲ್ಲೇ, ಇಲ್ಲ ಫಿಲ್ಟರ್ ಬದಲಾಯಿಸುವಾಗ ಹಳೇ ರಬ್ಬರ್ ರಿಂಗ್ ಮೇಲೆಯೇ ಕೂರಿಸಿದ್ದರಲ್ಲಿ. ಆಮೇಲೆ ಒಣಗಿ ಸೀಳಿದ ರಬ್ಬರ್ ಪೈಪು, ಸಡಿಲ ಕ್ಲಿಪ್ಪು. ನಾಝಲ್ ಮೇಲಿನ ರಿಟರ್ನ್ ಪೈಪನ್ನೂ ನೋಡಿ, ಅಲ್ಲಿಂದಲೂ ಗಾಳಿ ಸೇರಬಹುದು. ಹೇಗೂ ಅಲ್ಲಿ ಕೈ ಇಟ್ಟಿದ್ದೀರಿ, ಫಿಲ್ಟರ್ ತಳದ ನೀರನ್ನೂ ಬಿಟ್ಟುಬಿಡಿ.

ಹೀಟರೂ ಸರಿ, ಗಾಳಿಯೂ ಇಲ್ಲ ಅಂದಾಗ ಮಾತ್ರ ಟೈಮಿಂಗ್ ಬೆಲ್ಟ್. ಇಂಥ ಇಂಜಿನ್ನಿನಲ್ಲಿ ಆ ಬೆಲ್ಟು ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಕೂರಿಸುವಾಗ ಒಂದು ಹಲ್ಲು ಆಚೆ ಈಚೆ ಆದರೂ ಡೀಸೆಲ್ ಚಿಮ್ಮುವ ಗಳಿಗೆ ತಪ್ಪುತ್ತದೆ. ತಡವಾಗಿ ಚಿಮ್ಮಿದರೆ ಬಿಳಿ ಹೊಗೆ. ನಿಮ್ಮ ಹೊಗೆ ಎರಡು ವರ್ಷದ್ದು, ಬೆಲ್ಟು ಮೊನ್ನೆ ಮೊನ್ನೆಯದು. ಹಾಗಾಗಿ ಮೂಲ ಅದಲ್ಲ. ಆದರೆ ಈ ಸಲ ತುಂಬಾ ಜಾಸ್ತಿಯಾಯಿತು ಅಂದಿದ್ದರಿಂದ ಪೂರ್ತಿ ಬಿಡುವ ಹಾಗೂ ಇಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ. ಬೆಲ್ಟ್ ಹಾಕಿಸಿದ ಮೇಲೆ ಮೇಲುಕೋಟೆ ಏರಿನಲ್ಲಿ ಎಳೆತ ಮೊದಲಿನ ಹಾಗೇ ಇದೆಯಾ? ಇಂಜಿನ್ ಸದ್ದು ಮಂಕಾಗಿದೆಯಾ? ಬಿಸಿಯಾದ ಮೇಲೂ ನಿಧಾನಕ್ಕೆ ಓಡಿಸುವಾಗ ತೆಳು ಬಿಳಿ ಹೊಗೆ ಇದೆಯಾ? ಎಳೆತ ಹಾಗೇ ಇದೆ, ಉಳಿದೆರಡಕ್ಕೂ ಇಲ್ಲ ಅಂದರೆ ಬೆಲ್ಟು ಸರಿಯಾಗಿದೆ. ಅನುಮಾನ ಇದ್ದರೆ ಕವರ್ ಬಿಚ್ಚಿ ಗುರುತುಗಳು ಕೂಡುತ್ತವೆಯಾ ಅಂತ ಹಾಕಿದವರ ಹತ್ತಿರವೇ ತೋರಿಸಿಕೊಳ್ಳಿ. ಹೊಗೆ ಕಡಿಮೆ ಮಾಡುತ್ತೇನೆ ಅಂತ ಪಂಪಿನ ಬೋಲ್ಟ್ ಸಡಿಲ ಮಾಡಿ ಅಂದಾಜಿಗೆ ತಿರುಗಿಸಲು ಯಾರಿಗೂ ಬಿಡಬೇಡಿ.

ನಾಝಲ್‌ಗಳನ್ನು ಕೊನೆಗೆ ಇಟ್ಟಿದ್ದೇನೆ. ಯಾವ ಸಿಲಿಂಡರ್ ಅಂತ ಮೊದಲು ಗೊತ್ತಾಗಲಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಅರ್ಧ ನಿಮಿಷದೊಳಗೆ ಎಕ್ಸಾಸ್ಟಿನ ನಾಲ್ಕು ಬಾಯಿಗಳ ಬಿಸಿ ನೋಡಬೇಕು. ದೂರದಿಂದ ಬಿಸಿ ಅಳೆಯುವ ಗನ್ ಥರದ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒಂದೊಂದು ಹನಿ ತಾಗಿಸಿ. ಯಾವ ಬಾಯಿ ಮೇಲೆ ಹನಿ ಒಣಗದೆ ಕೂರುತ್ತದೋ ಆ ಸಿಲಿಂಡರ್ ಉರಿಯುತ್ತಿಲ್ಲ. ಹೊಸ ಪ್ಲಗ್ ಹಾಕಿದ ಮೇಲೂ ಅದೇ ಸಿಲಿಂಡರ್ ತಣ್ಣಗಿದ್ದು, ಕಂಪ್ರೆಷನ್ನೂ ಸರಿ ಇದ್ದರೆ ಆಗ ನಾಝಲ್. ಬಿಚ್ಚಿದ ಮೇಲೆ ನಾಲ್ಕನ್ನೂ ಡೀಸೆಲ್ ಪಂಪ್ ಅಂಗಡಿಯಲ್ಲಿ ಟೆಸ್ಟರ್ ಮೇಲೆ ಹಾಕಿಸಿ. ಮಂಜಿನ ಹಾಗೆ ಚಿಮ್ಮಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಚಿಮ್ಮುವಾಗ ಕೈ ಅಡ್ಡ ಹಿಡಿಯಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಕ್ಕೆ ನುಗ್ಗುತ್ತದೆ. ವಾಪಸ್ ಕೂರಿಸುವಾಗ ಅಡಿಯ ವಾಷರ್ ಹೊಸದೇ ಇರಲಿ.

ಮೆಕ್ಯಾನಿಕ್ ಪೈಪಿನ ನಟ್ ಒಂದೊಂದೇ ಸಡಿಲ ಮಾಡಿ ಯಾವ ಸಿಲಿಂಡರ್ ಅಂತ ಹುಡುಕಿದರೆ ನಿಮ್ಮ ಹಳೇ ಪಂಪಿನ ಗಾಡಿಗೆ ಅಡ್ಡಿಯಿಲ್ಲ. ಇದನ್ನು ಓದುತ್ತಿರುವ ಬೇರೆಯವರ ಹತ್ತಿರ ಕಾಮನ್ ರೈಲ್ ಗಾಡಿ (ಎಲ್ಲ ನಾಝಲ್‌ಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಹೊಸ ಬಗೆಯದು) ಇದ್ದರೆ ಮಾತ್ರ ಆ ಕೆಲಸ ಬೇಡವೇ ಬೇಡ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಕೈಯನ್ನೇ ಸೀಳುತ್ತದೆ.

ಪ್ಲಗ್ ಬರುವ ತನಕ ಹೀಗೆ ಮಾಡಿ. ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸಿ, ಮೂತಿ ಇಳಿಜಾರಿನ ಕಡೆ ಬರುವ ಹಾಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕಿನ ಜೊತೆಗೆ ಚಕ್ರಕ್ಕೆ ಕಲ್ಲೂ ಇರಲಿ. ಹೊಗೆ ಅಜ್ಜಿಯ ಬಾಗಿಲಿಗೆ ಹೋಗದ ದಿಕ್ಕು ಯಾವುದು ಅನ್ನುವುದನ್ನೂ ನೋಡಿಕೊಳ್ಳಿ. ಬೆಳಿಗ್ಗೆ ಹೀಟರ್ ದೀಪ ಆರಿದ ಮೇಲೆ ಕೀ ಆಫ್ ಮಾಡಿ, ಮತ್ತೊಮ್ಮೆ ಆನ್ ಮಾಡಿ, ಎರಡನೇ ಸಲ ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಇದರಿಂದ ಹೊಗೆ ಕಡಿಮೆಯಾದರೆ ಬದುಕಿರುವ ಪ್ಲಗ್‌ಗಳು ಉಳಿದವುಗಳ ಕೆಲಸವನ್ನೂ ಎಳೆಯುತ್ತಿವೆ ಅಂತ ಅರ್ಥ. ಸ್ಟಾರ್ಟ್ ಆದ ತಕ್ಷಣ ರೇಸ್ ಕೊಡಬೇಡಿ. ಮುಚ್ಚಿದ ಶೆಡ್ಡಿನೊಳಗೆ ನಿಲ್ಲಿಸಿ ಬಿಸಿ ಮಾಡಬೇಡಿ. ಬೇಗ ಹಿಡಿಯಲಿ ಅಂತ ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಇದೆಯಲ್ಲ, ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಅದು ಪಟಾಕಿ ಅಂಗಡಿಯಲ್ಲಿ ಬೀಡಿ ಹಚ್ಚಿದ ಹಾಗೆ. ಕಾದ ಪ್ಲಗ್ಗಿಗೆ ತಾಗಿ ಅಲ್ಲೇ ಸಿಡಿಯಬಹುದು, ಪಿಸ್ಟನ್ ಒಡೆಯಬಹುದು.

ಗಾಡಿ ಕೊಡುವ ಯೋಚನೆಯನ್ನು ಪಕ್ಕಕ್ಕಿಡಿ. 2003ರ ಗಾಡಿಗೆ 15 ವರ್ಷದ ಆರ್‌ಸಿ 2018ಕ್ಕೆ ಮುಗಿದು, ಐದೈದು ವರ್ಷಕ್ಕೆ ನವೀಕರಿಸಿಕೊಂಡು ಬಂದಿರುತ್ತೀರಿ. ಮುಂದಿನ ಸರದಿ 2028ಕ್ಕೆ. ಅಲ್ಲಿಯವರೆಗೆ ಓಡಿಸಲು ಈ ಇಂಜಿನ್ನಿಗೆ ಬೇಕಾಗಿರುವುದು ಬಹುಶಃ ನಾಲ್ಕು ಪ್ಲಗ್ಗು, ಒಂದು ರಬ್ಬರ್ ರಿಂಗು. ಅವೆರಡೂ ಹಾಕಿದ ಮಾರನೇ ದಿನವೂ ಅಜ್ಜಿ ಕಣ್ಣೊರೆಸಿಕೊಂಡರೆ ಕಂಪ್ರೆಷನ್ನಿನ ನಾಲ್ಕು ಅಂಕಿ, ಎಕ್ಸಾಸ್ಟಿನ ನಾಲ್ಕು ಬಾಯಿಯ ಬಿಸಿ, ಈ ಎಂಟನ್ನೂ ಬರೆದು ಕಳಿಸಿ.